ಹೊಸ ಪದವೀಧರರಿಗೆ ಕೆಲಸದ ಜಾಹೀರಾತು ಬರೆಯುವುದು ಹೇಗೆ: ಹಾಸನದ ಒಂದು ಪ್ಲೇಸ್‌ಮೆಂಟ್ ಕೋಣೆಯಿಂದ

ಹಾಸನದ ಹೊರವಲಯದ ಒಂದು ಕಾಫಿ ಕ್ಯೂರಿಂಗ್ ಘಟಕದಿಂದ ಹೋದ ವರ್ಷ ನಮ್ಮ ಕಾಲೇಜಿನ ಪ್ಲೇಸ್‌ಮೆಂಟ್ ಕೋಣೆಗೆ ಅರ್ಧ ಹಾಳೆಯ ಚೀಟಿಯೊಂದು ಬಂತು. ಅದರಲ್ಲಿದ್ದದ್ದು ಇಷ್ಟು: "ಬೇಕಾಗಿದ್ದಾರೆ. ಅಕೌಂಟೆಂಟ್. ಯಾವುದೇ ಡಿಗ್ರಿ. ಅನುಭವ ಇದ್ದವರಿಗೆ ಆದ್ಯತೆ, ಫ್ರೆಶರ್ಸ್ ಕೂಡ ಬರಬಹುದು. ಹುಡುಗಿಯರಿಗೆ ಮಾತ್ರ. ಆಕರ್ಷಕ ಸಂಬಳ. ಕೂಡಲೇ ಸಂಪರ್ಕಿಸಿ." ಕೆಳಗೆ ಒಂದು ಮೊಬೈಲ್ ನಂಬರ್.

ನಾನು ಆ ಚೀಟಿಯನ್ನು ಬೋರ್ಡಿಗೆ ಹಾಕಲಿಲ್ಲ, ಹರಿದೂ ಹಾಕಲಿಲ್ಲ. ಮಾಲೀಕರಿಗೆ ಫೋನ್ ಮಾಡಿದೆ. ಮನುಷ್ಯ ಒಳ್ಳೆಯವರು, ಕೆಲಸವೂ ಒಳ್ಳೆಯದೇ, ಸಂಬಳವೂ ಪರವಾಗಿಲ್ಲ. ಆದರೆ ಅದ್ಯಾವುದೂ ಚೀಟಿಯಲ್ಲಿ ಇರಲಿಲ್ಲ. ಸಂಜೆ ಅವರೇ ಬಂದು ಕೂತರು, ಸುಮಾರು ಒಂದು ಗಂಟೆ ಆ ಚೀಟಿಯನ್ನು ತಿದ್ದಿದೆವು. ಆ ಒಂದು ಗಂಟೆಯಲ್ಲಿ ಏನೇನು ಕೇಳಿದೆ, ಏಕೆ ಕೇಳಿದೆ ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮದು ಸಕಲೇಶಪುರದ ಎಸ್ಟೇಟ್ ಇರಲಿ, ಅರಸೀಕೆರೆಯ ಕೊಬ್ಬರಿ ಮಂಡಿ ಇರಲಿ, ಬಿ.ಎಂ. ರಸ್ತೆಯ ಆಡಿಟರ್ ಆಫೀಸ್ ಇರಲಿ, ಬೆಂಗಳೂರಿನಿಂದ ಹಾಸನದ ಮಕ್ಕಳನ್ನು ಹುಡುಕುವ ಕಂಪನಿ ಇರಲಿ, ಕಾಲೇಜಿಗೆ ಜಾಹೀರಾತು ಕಳಿಸುವ ಮೊದಲು ಒಮ್ಮೆ ಓದಿ.

ಮೊದಲ ಹೆಜ್ಜೆ: ಇದು ಕೆಲಸವೋ, ಅಪ್ರೆಂಟಿಸ್‌ಷಿಪ್ಪೋ, ಇಂಟರ್ನ್‌ಷಿಪ್ಪೋ

ಹೆಸರು ಸರಿಯಾಗದೆ ಮುಂದಿನದ್ಯಾವುದೂ ಸರಿಯಾಗುವುದಿಲ್ಲ. "ಟ್ರೈನಿ" ಎಂಬ ಒಂದೇ ಪದದ ಅಡಿಯಲ್ಲಿ ಮೂರನ್ನೂ ತುರುಕುವ ಅಭ್ಯಾಸ ನಮ್ಮಲ್ಲಿದೆ. ಓದುವ ಹುಡುಗ ಅದನ್ನು ಕೆಲಸ ಎಂದುಕೊಳ್ಳುತ್ತಾನೆ, ಮನೆಯಲ್ಲಿ ಹೇಳುತ್ತಾನೆ, ಬೇರೆ ಕಡೆ ಬಂದ ಕರೆಯನ್ನು ಬಿಡುತ್ತಾನೆ. ಸೇರಿದ ಮೇಲೆ ಗೊತ್ತಾಗುತ್ತದೆ ಅದು ಆರು ತಿಂಗಳ ಇಂಟರ್ನ್‌ಷಿಪ್ ಎಂದು.

ಕೆಲಸ ಎಂದರೆ ನೇಮಕಾತಿ ಪತ್ರ, ಸಂಬಳ, ಕಾನೂನು ಪ್ರಕಾರ ಬರುವ ಪಿಎಫ್, ಇಎಸ್‌ಐ. ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ನೇಮಕಾತಿ ಪತ್ರ ಕೊಡುವುದು ಈಗ ಮಾಲೀಕರ ಮರ್ಜಿಯಲ್ಲ, ಕರ್ತವ್ಯ. ಪ್ರೊಬೇಷನ್ ಇದ್ದರೆ ಎಷ್ಟು ತಿಂಗಳು, ಆ ಅವಧಿಯ ಸಂಬಳ ಎಷ್ಟು ಎಂದು ಬರೆಯಿರಿ.

ಅಪ್ರೆಂಟಿಸ್‌ಷಿಪ್ ಬೇರೆಯೇ. ಅದು 1961ರ ಅಪ್ರೆಂಟಿಸ್ ಕಾಯ್ದೆಯ ಅಡಿಯಲ್ಲಿ ಬರುತ್ತದೆ, ಒಪ್ಪಂದ ಸರ್ಕಾರದ ಅಪ್ರೆಂಟಿಸ್‌ಷಿಪ್ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು. 30 ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಜನ ಇರುವ ಕಡೆ ಇಷ್ಟವಿದ್ದರೆ ತೆಗೆದುಕೊಳ್ಳಬಹುದು. 2019ರ ತಿದ್ದುಪಡಿಯಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ, ಡಿಪ್ಲೊಮಾದವರಿಗೆ 8,000 ಎಂದು ಸ್ಟೈಪೆಂಡ್ ನಿಗದಿಯಾಯಿತು. ಜಾಹೀರಾತು ಹಾಕುವ ದಿನ ಜಾರಿಯಲ್ಲಿರುವ ದರವನ್ನು ಪೋರ್ಟಲ್‌ನಲ್ಲಿ ನೋಡಿ ಅದನ್ನೇ ಬರೆಯಿರಿ. ಪದವಿ, ಡಿಪ್ಲೊಮಾ ಮುಗಿಸಿದವರನ್ನು ನ್ಯಾಟ್ಸ್ (ರಾಷ್ಟ್ರೀಯ ಅಪ್ರೆಂಟಿಸ್‌ಷಿಪ್ ತರಬೇತಿ) ಯೋಜನೆಯಲ್ಲಿ ತೆಗೆದುಕೊಂಡರೆ ಕನಿಷ್ಠ ಸ್ಟೈಪೆಂಡಿನ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ನಮ್ಮ ಜಿಲ್ಲೆಯ ಎಷ್ಟೋ ಸಣ್ಣ ಘಟಕಗಳಿಗೆ ಈ ಸೌಲಭ್ಯ ಇರುವುದೇ ಗೊತ್ತಿಲ್ಲ ಎನ್ನುವುದು ನನಗೆ ಬೇಸರದ ವಿಷಯ.

ಇಲ್ಲೊಂದು ಎಚ್ಚರಿಕೆ. "ಒಂದು ವರ್ಷದ ಅಪ್ರೆಂಟಿಸ್ ಮುಗಿದ ಮೇಲೆ ಪರ್ಮನೆಂಟ್" ಎಂದು ಬಾಯಿಮಾತಿಗೆ ಬರೆಯಬೇಡಿ. ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂದು ಕಾಯ್ದೆ ಹೇಳುವುದಿಲ್ಲ. ಆದರೆ ಕೊಡುತ್ತೇನೆಂದು ಒಪ್ಪಂದದಲ್ಲಿ ಬರೆದರೆ ಅದೇ ಕಾಯ್ದೆಯ 22ನೇ ಸೆಕ್ಷನ್ ನಿಮ್ಮನ್ನು ಕಟ್ಟಿಹಾಕುತ್ತದೆ. ಕೊಡುವ ಮನಸ್ಸಿದ್ದರೆ ಒಪ್ಪಂದದಲ್ಲಿ ಬರೆಯಿರಿ, ಇಲ್ಲದಿದ್ದರೆ ಜಾಹೀರಾತಿನಲ್ಲೂ ಬೇಡ.

ಇಂಟರ್ನ್‌ಷಿಪ್ ಕಲಿಯುವವರಿಗೆ. ಇಂಜಿನಿಯರಿಂಗ್ ಮಕ್ಕಳಿಗೆ ಕೊನೆಯ ವರ್ಷದಲ್ಲಿ ಇದಕ್ಕೆ ಕ್ರೆಡಿಟ್ ಇದೆ, ಹಾಗಾಗಿ ಎಷ್ಟು ವಾರ, ಸರ್ಟಿಫಿಕೇಟ್ ಯಾರ ಸಹಿಯಲ್ಲಿ, ಯಾರು ಕಲಿಸುತ್ತಾರೆ ಎಂಬುದು ಅವರಿಗೆ ಸಂಬಳಕ್ಕಿಂತ ಮುಖ್ಯವಾಗಬಹುದು. ದುಡ್ಡು ಇಲ್ಲದ ಇಂಟರ್ನ್‌ಷಿಪ್ ಬಗ್ಗೆ ನನ್ನ ನಿಲುವು ನೇರ: ಆ ಹುಡುಗಿ ಮಾಡಿದ ಕೆಲಸಕ್ಕೆ ನೀವು ಗಿರಾಕಿಗೆ ಬಿಲ್ ಹಾಕುತ್ತೀರಿ ಎಂದಾದರೆ ಅವಳಿಗೂ ದುಡ್ಡು ಸಲ್ಲಬೇಕು. ಅಂಥ ಜಾಹೀರಾತನ್ನು ನಮ್ಮ ಬೋರ್ಡಿಗೆ ಹಾಕುವುದಿಲ್ಲ.

ಎರಡನೆಯದು, ಸಂಬಳ: ಅಂಕಿ ಬರೆಯಿರಿ

"ಆಕರ್ಷಕ ಸಂಬಳ", "ಅರ್ಹತೆಗೆ ತಕ್ಕಂತೆ", "ಇಂಡಸ್ಟ್ರಿಯಲ್ಲೇ ಬೆಸ್ಟ್". ಇವುಗಳಿಂದ ಓದುಗನಿಗೆ ಏನೂ ತಿಳಿಯುವುದಿಲ್ಲ. ಕ್ಯೂರಿಂಗ್ ಮಾಲೀಕರೂ ಮೊದಲು ಹಿಂಜರಿದರು: "ಅಂಕಿ ಬರೆದರೆ ಈಗಿರೋ ಹುಡುಗ್ರು ಕೇಳ್ತಾರೆ ಸಾರ್." ಅದು ನಿಜವಾದ ಕಷ್ಟವೇ. ಆದರೆ ಅಂಕಿ ಬರೆಯದಿದ್ದರೆ ಇಪ್ಪತ್ತು ಜನ ಬಂದು ಹದಿನೆಂಟು ಜನ ಸಂಬಳ ಕೇಳಿ ಎದ್ದು ಹೋಗುತ್ತಾರೆ; ಅವರದೂ ದಿನ ಹಾಳು, ನಿಮ್ಮದೂ ಹಾಳು.

ಅಂಕಿ ಬರೆದರೂ ಸಾಲದು, ಯಾವ ಅಂಕಿ ಎಂಬುದನ್ನೂ ಹೇಳಬೇಕು. "ವಾರ್ಷಿಕ 3 ಲಕ್ಷ ಸಿಟಿಸಿ" (ಒಬ್ಬ ನೌಕರನಿಗೆ ಕಂಪನಿ ಮಾಡುವ ಒಟ್ಟು ಖರ್ಚು) ಎಂದು ಬೆಂಗಳೂರಿನ ಜಾಹೀರಾತು ಬಂದಾಗ ನಮ್ಮ ಮಕ್ಕಳು ಹನ್ನೆರಡರಿಂದ ಭಾಗಿಸಿ 25,000 ಎಂದು ಲೆಕ್ಕ ಹಾಕುತ್ತಾರೆ. ಅದೇ ಲೆಕ್ಕದ ಮೇಲೆ ಪಿಜಿ ನೋಡುತ್ತಾರೆ, ಅದೇ ಲೆಕ್ಕದ ಮೇಲೆ ಮನೆಗೆ ಎಷ್ಟು ಕಳಿಸಬಹುದೆಂದು ಅಮ್ಮನಿಗೆ ಹೇಳುತ್ತಾರೆ. ಬಿಡಿಸಿ ನೋಡೋಣ. ಮೂಲ ವೇತನ 15,000 ಎಂದಿಟ್ಟುಕೊಳ್ಳಿ. ಕಂಪನಿಯ ಪಾಲಿನ ಪಿಎಫ್ ಶೇ. 12, ಅಂದರೆ 1,800. ಗ್ರಾಚ್ಯುಟಿಗೆಂದು ಶೇ. 4.81, ಅಂದರೆ ಸುಮಾರು 722. ಇವೆರಡೂ ಸಿಟಿಸಿಯೊಳಗೇ ಇರುವುದರಿಂದ ಉಳಿಯುವ ಒಟ್ಟು ಸಂಬಳ 22,478. ಅದರಲ್ಲಿ ನೌಕರನ ಪಾಲಿನ ಪಿಎಫ್ ಮತ್ತೆ 1,800 ಕಳೆಯಿರಿ. ಕೈಗೆ ಬರುವುದು 20,678. ಹುಡುಗ ಅಂದುಕೊಂಡದ್ದಕ್ಕೂ ಬ್ಯಾಂಕಿಗೆ ಬಂದದ್ದಕ್ಕೂ 4,322 ರೂಪಾಯಿ ವ್ಯತ್ಯಾಸ. ಇದರಲ್ಲಿ ಮೋಸವೇನೂ ಇಲ್ಲ, ಪಿಎಫ್ ಅವನದೇ ದುಡ್ಡು. ಆದರೆ ಮೊದಲ ತಿಂಗಳ ಬಾಡಿಗೆಯನ್ನು ಪಿಎಫ್‌ನಿಂದ ಕಟ್ಟಲಾಗುವುದಿಲ್ಲ. ಅದಕ್ಕೇ ಜಾಹೀರಾತಿನಲ್ಲಿ ಎರಡು ಸಾಲು ಇರಲಿ: ಒಟ್ಟು ಸಂಬಳ ಇಷ್ಟು, ಕೈಗೆ ಬರುವುದು ಇಷ್ಟು. ಇನ್‌ಸೆಂಟಿವ್, ಬೋನಸ್, ಟಾರ್ಗೆಟ್ ದುಡ್ಡು ಯಾವುದನ್ನೂ ಈ ಎರಡರಲ್ಲಿ ಸೇರಿಸಬೇಡಿ, ಬೇರೆ ಸಾಲಿನಲ್ಲಿ ಬರೆಯಿರಿ.

ಮಾರ್ಕೆಟಿಂಗ್ ಕೆಲಸದ "25,000ದಿಂದ 60,000ವರೆಗೆ ಗಳಿಸಿ" ಎಂಬ ಸಾಲು ನನ್ನ ಮೇಜಿಗೆ ಬಂದರೆ ಒಂದೇ ಪ್ರಶ್ನೆ ಕೇಳುತ್ತೇನೆ: ಒಂದೂ ಮಾರಾಟ ಆಗದ ತಿಂಗಳಲ್ಲಿ ಎಷ್ಟು ಕೊಡುತ್ತೀರಿ? ಉತ್ತರವಾಗಿ ಬರುವ ಅಂಕಿಯೇ ಸಂಬಳ. ಅದು ಸೊನ್ನೆಯಾದರೆ ಅದು ಕಮಿಷನ್ ಕೆಲಸ, ಹಾಗೆಂದೇ ಬರೆಯಬೇಕು.

ಸ್ಥಳ, ಸಮಯ, ಬಸ್ಸು

"ಹಾಸನ" ಎಂದರೆ ಸಾಲದು. ಊರೊಳಗೋ, ಕೈಗಾರಿಕಾ ಪ್ರದೇಶವೋ, ಬೇಲೂರು ರಸ್ತೆಯ ಆ ಕಡೆಯೋ? ಆಲೂರಿನಿಂದ ಬರುವ ಹುಡುಗಿಗೆ ಸಂಜೆ ಆರಕ್ಕೆ ಬಿಡುವ ಕೆಲಸವೂ ಎಂಟಕ್ಕೆ ಬಿಡುವ ಕೆಲಸವೂ ಒಂದೇ ಅಲ್ಲ. ಎಂಟಕ್ಕೆ ಅವಳ ಊರಿನ ಕೊನೆಯ ಬಸ್ಸು ಹೋಗಿರುತ್ತದೆ. ಎಸ್ಟೇಟ್, ಹೋಂಸ್ಟೇ, ರೆಸಾರ್ಟ್ ಕೆಲಸವಾದರೆ ಉಳಿಯುವ ವ್ಯವಸ್ಥೆ ಹೇಗೆ, ಒಂದು ಕೋಣೆಗೆ ಎಷ್ಟು ಜನ, ಊಟದ ದುಡ್ಡು ಸಂಬಳದಲ್ಲಿ ಕಡಿತವೇ, ಮೊಬೈಲ್ ಸಿಗ್ನಲ್ ಸಿಗುತ್ತದೆಯೇ, ಊರಿಗೆ ಹೋಗಲು ತಿಂಗಳಿಗೆ ಎಷ್ಟು ರಜೆ, ಎಲ್ಲವನ್ನೂ ಬರೆಯಿರಿ. ಸಿಗ್ನಲ್ ವಿಷಯ ಸಣ್ಣದೆನಿಸಬಹುದು. ಮೊದಲ ಸಲ ಮನೆ ಬಿಟ್ಟ ಇಪ್ಪತ್ತೊಂದರ ಹುಡುಗಿಯ ತಾಯಿಗೆ ಅದು ಸಣ್ಣದಲ್ಲ.

ಕಾಫಿ ಕೆಲಸದಲ್ಲಿ ಸೀಸನ್ ಇದೆ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ, ಆಮೇಲೆ ರೋಬಸ್ಟಾ, ಕ್ಯೂರಿಂಗ್ ಮನೆಯಲ್ಲಿ ಅದರ ಹಿಂದೆಯೇ ಒತ್ತಡ. ನಮ್ಮ ಮಾಲೀಕರು ಮೊದಲು "ಬೆಳಿಗ್ಗೆ 9ರಿಂದ 6" ಎಂದರು. "ಫೆಬ್ರವರಿಯಲ್ಲೂ ಹಾಗೇನಾ?" ಎಂದು ಕೇಳಿದೆ. ನಕ್ಕರು. ಸೀಸನ್‌ನಲ್ಲಿ ಎಂಟರವರೆಗೆ, ಓವರ್‌ಟೈಮ್ ಉಂಟು, ಬಿಡಲು ವ್ಯಾನ್ ಉಂಟು ಎಂದು ಆಮೇಲೆ ಸೇರಿಸಿದೆವು. ರಾತ್ರಿ ಪಾಳಿಗೆ ಹೆಣ್ಣುಮಕ್ಕಳನ್ನು ಕರೆಯುವುದಾದರೆ ಅವರ ಒಪ್ಪಿಗೆ, ಸುರಕ್ಷತೆ, ವಾಹನ ಇವು ಕಾನೂನಿನ ಷರತ್ತುಗಳು. ವಾಹನ ಎಲ್ಲಿಂದ ಎಲ್ಲಿವರೆಗೆ ಎಂದೂ ಬರೆಯಿರಿ.

ಯಾರು ಅರ್ಜಿ ಹಾಕಬಹುದು

"ಯಾವುದೇ ಡಿಗ್ರಿ" ಎನ್ನುವುದು ಉದಾರವಾಗಿ ಕಾಣುತ್ತದೆ, ಆದರೆ ಹಾಸನದಂಥ ಊರಲ್ಲಿ ಅದರಿಂದ ಗೊಂದಲವೇ ಜಾಸ್ತಿ. 1960ರಲ್ಲಿ ಶುರುವಾದ ಮಲೆನಾಡು ಇಂಜಿನಿಯರಿಂಗ್ ಕಾಲೇಜಿನಿಂದ ಹಿಡಿದು ಸರ್ಕಾರಿ ಪದವಿ ಕಾಲೇಜುಗಳು, ಕಾರೆಕೆರೆಯ ಕೃಷಿ ಕಾಲೇಜು, ಪಶುವೈದ್ಯಕೀಯ ಕಾಲೇಜು, ಪಾಲಿಟೆಕ್ನಿಕ್, ಐಟಿಐವರೆಗೆ ಇಲ್ಲಿ ಹತ್ತಾರು ಬಗೆಯ ಓದು ಇದೆ. ಲೆಕ್ಕ ಬರೆಯಲು ಬಿ.ಕಾಂ. ಬೇಕೋ, ಟ್ಯಾಲಿ ಬಂದರೆ ಸಾಕೋ? ಕೆಲಸಕ್ಕೆ ನಿಜವಾಗಿ ಬೇಕಾದದ್ದನ್ನು ಬರೆಯಿರಿ, ಕಲಿಸಲು ತಯಾರಿರುವುದನ್ನು "ನಾವು ಕಲಿಸುತ್ತೇವೆ" ಎಂದು ಬೇರೆ ಬರೆಯಿರಿ. ಹೊಸಬರ ಕೆಲಸಕ್ಕೆ "ಎರಡು ವರ್ಷ ಅನುಭವ" ಕೇಳಬೇಡಿ. ಬ್ಯಾಕ್‌ಲಾಗ್ ಇದ್ದವರು, ಕೊನೆಯ ಸೆಮಿಸ್ಟರ್‌ನವರು, ಹಿಂದಿನ ಎರಡು ಮೂರು ವರ್ಷಗಳಲ್ಲಿ ಪಾಸಾದವರು ಅರ್ಜಿ ಹಾಕಬಹುದೇ ಎಂದು ಹೌದು ಇಲ್ಲ ಎಂಬಷ್ಟು ಸ್ಪಷ್ಟವಾಗಿರಲಿ. ಸೇರುವ ದಿನವೇ ಡಿಗ್ರಿ ಸರ್ಟಿಫಿಕೇಟ್ ತನ್ನಿ ಎಂದರೆ ಆ ವರ್ಷ ಪಾಸಾದ ಯಾರೂ ತರಲಾರರು, ಘಟಿಕೋತ್ಸವ ಆಮೇಲೆ ನಡೆಯುತ್ತದೆ. ಪ್ರೊವಿಷನಲ್ ಸರ್ಟಿಫಿಕೇಟ್, ಮಾರ್ಕ್ಸ್ ಕಾರ್ಡ್ ಸಾಕೆಂದು ಬರೆಯಿರಿ.

ಇನ್ನು "ಹುಡುಗಿಯರಿಗೆ ಮಾತ್ರ". ಮಾಲೀಕರು ಕೆಟ್ಟ ಮನಸ್ಸಿನಿಂದ ಬರೆದದ್ದಲ್ಲ. ಆಫೀಸಿನಲ್ಲಿ ಈಗಿರುವವರೆಲ್ಲ ಹೆಣ್ಣುಮಕ್ಕಳು, ಹೊಂದಿಕೊಳ್ಳುತ್ತಾರೆ ಎಂಬುದು ಅವರ ಲೆಕ್ಕ. ಆದರೆ 2019ರ ವೇತನ ಸಂಹಿತೆ ಒಂದೇ ಬಗೆಯ ಕೆಲಸಕ್ಕೆ ನೇಮಿಸುವಾಗ ಲಿಂಗದ ಆಧಾರದ ಮೇಲೆ ಭೇದ ಮಾಡುವಂತಿಲ್ಲ ಎನ್ನುತ್ತದೆ. ಅದಕ್ಕೂ ಮೊದಲಿದ್ದ 1976ರ ಸಮಾನ ವೇತನ ಕಾಯ್ದೆ ನೇಮಕಾತಿಯಲ್ಲಿ ಹೆಂಗಸರ ವಿರುದ್ಧದ ಭೇದವನ್ನಷ್ಟೇ ತಡೆದಿತ್ತು. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರದು, ಲಿಂಗತ್ವ ಅಲ್ಪಸಂಖ್ಯಾತರ ಕಾಯ್ದೆ 2019ರದು. ಎರಡೂ ಖಾಸಗಿ ಸಂಸ್ಥೆಗಳನ್ನು ಬಿಟ್ಟಿಲ್ಲ. ಮೆಟ್ಟಿಲು ಹತ್ತಲಾಗದವರೂ ಮಾಡಬಹುದಾದ ಕೆಲಸವಾದರೆ ಅದನ್ನು ಒಂದು ಸಾಲಿನಲ್ಲಿ ಹೇಳಿ. ಆ ಒಂದು ಸಾಲು ನೋಡಿ ಬಂದವರನ್ನು ನಾನು ಕಂಡಿದ್ದೇನೆ. "ಅವಿವಾಹಿತರು", "ನೋಡಲು ಚೆನ್ನಾಗಿರಬೇಕು", "ಒಳ್ಳೆ ಮನೆತನದವರು", ಜಾತಿ ಸೂಚಿಸುವ ಯಾವುದೇ ಮಾತು ಬಂದರೆ ನಾನು ಹೊಡೆದುಹಾಕುತ್ತೇನೆ. ಒಪ್ಪದವರ ಜಾಹೀರಾತು ವಾಪಸ್.

ಬಾಂಡ್ ಇದ್ದರೆ ಮೊದಲೇ ಹೇಳಿ

"ಬಾಂಡ್‌ಗೆಲ್ಲ ಕೋರ್ಟಿನಲ್ಲಿ ಬೆಲೆ ಇಲ್ಲ" ಎಂಬ ನಂಬಿಕೆ ಹಾಸ್ಟೆಲ್‌ಗಳಲ್ಲಿ ಬೇರೂರಿದೆ. ಅದು ಸರಿಯಲ್ಲ. ಬ್ಯಾಂಕೊಂದರ ಅಧಿಕಾರಿ ಮೂರು ವರ್ಷಕ್ಕೆ ಮೊದಲೇ ಕೆಲಸ ಬಿಟ್ಟಾಗ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಹಾಗೆಂದು ಎಷ್ಟು ಬೇಕಾದರೂ ಬರೆಸಿಕೊಳ್ಳಬಹುದು ಎಂದಲ್ಲ. ಒಪ್ಪಂದ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಬರೆದ ಮೊತ್ತ ಎಷ್ಟೇ ಇದ್ದರೂ ಸಿಗುವುದು ನ್ಯಾಯವಾದ ಪರಿಹಾರ ಮಾತ್ರ. ಬಾಂಡಿಗೆ ಇಷ್ಟು ತೂಕ ಇರುವುದರಿಂದಲೇ ಅದನ್ನು ಸೇರುವ ದಿನ ಹೊರತೆಗೆಯುವುದು ಸರಿಯಲ್ಲ. ಹೊಸ ಅಂಗಿ ಹಾಕಿಕೊಂಡು, ದೇವಸ್ಥಾನಕ್ಕೆ ಹೋಗಿ, ಲಗೇಜ್ ಸಮೇತ ಬಂದವನ ಮುಂದೆ ಸ್ಟ್ಯಾಂಪ್ ಪೇಪರ್ ಇಟ್ಟರೆ ಅವನು ಓದುವುದಿಲ್ಲ, ಸಹಿ ಹಾಕುತ್ತಾನೆ. ಎಷ್ಟು ವರ್ಷ, ಎಷ್ಟು ಮೊತ್ತ, ಯಾವ ತರಬೇತಿಯ ಖರ್ಚಿಗೆ ಎಂಬುದು ಜಾಹೀರಾತಿನಲ್ಲೇ ಇರಲಿ. ಮೂಲ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುವ ಕಂಪನಿಗೆ ನಮ್ಮಲ್ಲಿ ಜಾಗವಿಲ್ಲ. ನೋಡಿ, ಜೆರಾಕ್ಸ್ ತೆಗೆದು, ಅಲ್ಲೇ ಹಿಂದಿರುಗಿಸಬೇಕು.

ದುಡ್ಡು ಕೇಳಬೇಡಿ

ಈ ಒಂದು ವಿಷಯದಲ್ಲಿ ನನ್ನದೇ ತಪ್ಪು ಹೇಳಬೇಕು. ಕೆಲವು ವರ್ಷಗಳ ಹಿಂದೆ, ಪರಿಚಯದವರೊಬ್ಬರು ಕಳಿಸಿದ ವಾಕ್‌ಇನ್ ಜಾಹೀರಾತನ್ನು ಪರಿಶೀಲಿಸದೆ ವಿದ್ಯಾರ್ಥಿಗಳ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆ. ಹನ್ನೊಂದು ಮಕ್ಕಳು ಬೆಳಗಿನ ಜಾವದ ಬಸ್ಸು ಹಿಡಿದು ಬೆಂಗಳೂರಿಗೆ ಹೋದರು. ಎಲ್ಲರಿಗೂ "ಸೆಲೆಕ್ಟ್ ಆಗಿದ್ದೀರಿ" ಎಂದರಂತೆ, ತರಬೇತಿ ಡೆಪಾಸಿಟ್ ಎಂದು ತಲಾ 2,500 ಕೇಳಿದರಂತೆ. ಅರಕಲಗೂಡು ಕಡೆಯ ಒಬ್ಬ ಹುಡುಗ ಅಲ್ಲೇ ಅಣ್ಣನಿಂದ ಫೋನ್‌ಪೇ ಹಾಕಿಸಿಕೊಂಡು ಕಟ್ಟಿದ. ಮುಂದಿನ ವಾರ ಆ ಆಫೀಸಿಗೆ ಬೀಗ. ಅವನ ಅಪ್ಪ ನನ್ನನ್ನು ಬೈಯಲಿಲ್ಲ. "ಕಾಲೇಜಿನವರೇ ಹಾಕಿದ್ದಲ್ವಾ ಅಂತ ನಂಬಿದ್ವಿ" ಎಂದರು. ಅಂದಿನಿಂದ ಫೋನ್ ಮಾಡಿ ವಿಚಾರಿಸದೆ ಒಂದು ಸಾಲನ್ನೂ ಮುಂದೆ ಕಳಿಸಿಲ್ಲ.

ಆದ್ದರಿಂದ ನೋಂದಣಿ, ಯೂನಿಫಾರ್ಮ್, ಲ್ಯಾಪ್‌ಟಾಪ್, ವೆರಿಫಿಕೇಷನ್, ತರಬೇತಿ, ಯಾವ ಹೆಸರಿನಲ್ಲೂ ಅಭ್ಯರ್ಥಿಯಿಂದ ದುಡ್ಡು ಬೇಡ. "ಯಾವುದೇ ಹಂತದಲ್ಲಿ ಶುಲ್ಕ ಇಲ್ಲ" ಎಂಬ ಸಾಲು ಜಾಹೀರಾತಿನಲ್ಲಿರಲಿ. ಅದಿದ್ದರೆ ನಿಮ್ಮ ಹೆಸರು ಹೇಳಿಕೊಂಡು ಬೇರೆಯವರು ದುಡ್ಡು ಕೇಳಿದಾಗಲೂ ಮಕ್ಕಳು ಎಚ್ಚೆತ್ತುಕೊಳ್ಳುತ್ತಾರೆ. ದುಡ್ಡು ಕಳೆದುಕೊಂಡ ವಿದ್ಯಾರ್ಥಿ ಮೊದಲು ಮಾಡಬೇಕಾದದ್ದು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ಆದಷ್ಟು ಬೇಗ. ತಡವಾದಷ್ಟೂ ದುಡ್ಡನ್ನು ಬ್ಯಾಂಕಿನಲ್ಲಿ ತಡೆಹಿಡಿಯುವುದು ಕಷ್ಟ.

ಜಾಹೀರಾತು ಕಳಿಸುವಾಗ ಸಂಸ್ಥೆಯ ಪೂರ್ತಿ ಹೆಸರು, ವಿಳಾಸ, ಜಿಎಸ್‌ಟಿ ಅಥವಾ ಉದ್ಯಮ್ (ಸಣ್ಣ ಉದ್ದಿಮೆಗಳ) ನೋಂದಣಿ ಸಂಖ್ಯೆ, ಜವಾಬ್ದಾರಿ ಇರುವ ಒಬ್ಬರ ಹೆಸರು ಮತ್ತು ಹುದ್ದೆ ಕೊಡಿ. ಜಿಎಸ್‌ಟಿ ಸಂಖ್ಯೆಯಲ್ಲಿ 15 ಅಕ್ಷರಗಳಿರುತ್ತವೆ, ಕರ್ನಾಟಕದ್ದಾದರೆ 29ರಿಂದ ಶುರು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಹೆಸರು, ವಿಳಾಸ ಬರುತ್ತದೆ. ಎರಡು ನಿಮಿಷದ ಕೆಲಸ. ವಿದ್ಯಾರ್ಥಿಗಳೂ ಇದನ್ನು ತಾವೇ ಮಾಡಿ ನೋಡಬಹುದು.

ಅರ್ಜಿಯಲ್ಲಿ ಆಧಾರ್, ಪ್ಯಾನ್, ಬ್ಯಾಂಕ್ ಖಾತೆ, ಫೋಟೊ ಕೇಳಬೇಡಿ. ಅವು ಬೇಕಾಗುವುದು ಆಯ್ಕೆಯಾದವರಿಂದ ಮಾತ್ರ. ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರಲ್ಲೇ ಕಾಯ್ದೆ ಬಂದಿದೆ, ಆಯ್ಕೆಯಾಗದವರ ಬಯೋಡೇಟಾವನ್ನು ಕೆಲಸ ಮುಗಿದ ಮೇಲೆ ಅಳಿಸಿಬಿಡಿ.

ಎಲ್ಲಿ ಹಾಕಬೇಕು, ಯಾವಾಗ

ಕಾಲೇಜಿನ ಪ್ಲೇಸ್‌ಮೆಂಟ್ ಸೆಲ್ ಜೊತೆಗೆ ರಾಜ್ಯದ ಸ್ಕಿಲ್ ಕನೆಕ್ಟ್ ಪೋರ್ಟಲ್, ಕೇಂದ್ರದ ನ್ಯಾಷನಲ್ ಕರಿಯರ್ ಸರ್ವಿಸ್ ಪೋರ್ಟಲ್‌ಗಳಲ್ಲೂ ಹಾಕಿ, ಎರಡೂ ಉಚಿತ. ಕನ್ನಡದಲ್ಲೂ ಒಂದು ಪ್ರತಿ ಇರಲಿ. ಹುಡುಗನ ಜೊತೆ ಅವನ ಅಪ್ಪ ಅಮ್ಮನೂ ಓದುತ್ತಾರೆ. ಸೆಮಿಸ್ಟರ್ ಪರೀಕ್ಷೆಯ ದಿನಗಳನ್ನು ಕಾಲೇಜಿಗೆ ಕೇಳಿ ಬಿಟ್ಟುಬಿಡಿ. ಕೊನೆಯ ದಿನಾಂಕಕ್ಕೂ ಜಾಹೀರಾತಿಗೂ ನಡುವೆ ಹತ್ತು ದಿನವಾದರೂ ಇರಲಿ. ಸಂದರ್ಶನ ಬೆಳಿಗ್ಗೆ ಹತ್ತೂವರೆಯ ನಂತರ ಶುರು ಮಾಡಿದರೆ ಹಳ್ಳಿಯಿಂದ ಬರುವವರು ಮುಟ್ಟುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳು ಸಂದರ್ಶನಕ್ಕೆ ಬರುವುದು ನಮ್ಮಲ್ಲಿ ಎದ್ದು ಕಾಣುವಂತೆ ಹೆಚ್ಚಿದೆ; ಹುಡುಗರಿಗೆ ಬಸ್ ಚಾರ್ಜ್ ಇನ್ನೂ ಖರ್ಚೇ, ಅದನ್ನು ಕೊಡುವ ಮಾಲೀಕರು ಇದ್ದಾರೆ, ಕೊಡುವುದಾದರೆ ಬರೆಯಿರಿ. ಸೇರುವ ದಿನಾಂಕವೂ ಬೇಕು. ಯುವನಿಧಿ ಪಡೆಯುತ್ತಿರುವವರಿಗೆ ಕೆಲಸ ಸಿಕ್ಕ ಮೇಲೆ ಆ ಹಣ ನಿಲ್ಲುತ್ತದೆ, ಅವರು ಲೆಕ್ಕ ಹಾಕಿಕೊಳ್ಳಬೇಕು.

ತಿದ್ದಿದ ಮೇಲೆ ಆ ಚೀಟಿ ಹೀಗಾಯಿತು:

"ಲೆಕ್ಕಪತ್ರ ಸಹಾಯಕರು, 2 ಹುದ್ದೆ. ಕಾಯಂ ಕೆಲಸ, 6 ತಿಂಗಳು ಪ್ರೊಬೇಷನ್, ಸಂಬಳ ಅದೇ. ಬಿ.ಕಾಂ. ಅಥವಾ ಬಿಬಿಎ, ಕೊನೆಯ ಸೆಮಿಸ್ಟರ್‌ನವರೂ ಹಾಕಬಹುದು. ಅನುಭವ ಬೇಡ. ಟ್ಯಾಲಿ ಮತ್ತು ಜಿಎಸ್‌ಟಿ ನಾವು ಕಲಿಸುತ್ತೇವೆ. ಒಟ್ಟು ಸಂಬಳ 20,000 (ಮೂಲ ವೇತನ 14,000, ಮನೆ ಬಾಡಿಗೆ ಭತ್ಯೆ 6,000). ಪಿಎಫ್ 1,680, ಇಎಸ್‌ಐ 150 ಕಳೆದು ಕೈಗೆ 18,170. ಬೆಳಿಗ್ಗೆ 9ರಿಂದ 6, ಭಾನುವಾರ ರಜೆ. ಜನವರಿಯಿಂದ ಏಪ್ರಿಲ್‌ವರೆಗೆ ಕೆಲವು ದಿನ 8ರವರೆಗೆ. ಓವರ್‌ಟೈಮ್ ಉಂಟು, ಬಸ್ ಸ್ಟ್ಯಾಂಡಿಗೆ ವ್ಯಾನ್ ಉಂಟು. ಬಾಂಡ್ ಇಲ್ಲ. ಯಾವ ಹಂತದಲ್ಲೂ ಶುಲ್ಕ ಇಲ್ಲ. ಆಫೀಸ್ ನೆಲಮಹಡಿಯಲ್ಲಿದೆ. ಸಂದರ್ಶನದ ಫಲಿತಾಂಶವನ್ನು ಏಳು ದಿನದೊಳಗೆ ಎಲ್ಲರಿಗೂ ತಿಳಿಸುತ್ತೇವೆ."

ಒಂಬತ್ತು ಅರ್ಜಿ ಬಂದವು. ಮಾಲೀಕರಿಗೆ ಮೊದಲು ಕಡಿಮೆ ಎನಿಸಿತು. ಒಂಬತ್ತೂ ಜನ ಸಂದರ್ಶನಕ್ಕೆ ಬಂದರು, ಸಂಬಳ ಕೇಳಿ ಯಾರೂ ಎದ್ದು ಹೋಗಲಿಲ್ಲ. ಒಬ್ಬ ಹುಡುಗಿಯನ್ನೂ ಒಬ್ಬ ಹುಡುಗನನ್ನೂ ತೆಗೆದುಕೊಂಡರು. ಉಳಿದ ಏಳು ಜನಕ್ಕೆ ಆರನೆಯ ದಿನ ಅವರೇ ಮೆಸೇಜ್ ಕಳಿಸಿದರು. ಅದರಲ್ಲೊಬ್ಬಳು ಬಂದು ನನಗೆ ತೋರಿಸಿದಳು, ಆಗಿಲ್ಲ ಎಂದು ಯಾರಾದರೂ ತಿಳಿಸಿದ್ದು ಅದೇ ಮೊದಲಂತೆ.

ಕೊನೆಯ ಹೆಜ್ಜೆಯನ್ನು ಹೆಚ್ಚಿನವರು ಮರೆಯುತ್ತಾರೆ. ಹುದ್ದೆ ತುಂಬಿದ ದಿನವೇ ಕಾಲೇಜಿಗೆ ತಿಳಿಸಿ, ಪೋರ್ಟಲ್‌ನಿಂದ ಜಾಹೀರಾತು ತೆಗೆಯಿರಿ, ಗುಂಪುಗಳಲ್ಲಿ "ಹುದ್ದೆ ತುಂಬಿದೆ" ಎಂದು ಹಾಕಿ. ಚೀಟಿಯ ಮೇಲೆ ದಿನಾಂಕ ಇಲ್ಲದಿದ್ದರೆ ಅದು ಗುಂಪಿನಿಂದ ಗುಂಪಿಗೆ ತಿಂಗಳುಗಟ್ಟಲೆ ಓಡಾಡುತ್ತದೆ. ಜಾವಗಲ್ ಕಡೆಯಿಂದ ಒಬ್ಬ ಹುಡುಗ ಫೈಲ್ ಹಿಡಿದು ಇದೇ ಕ್ಯೂರಿಂಗ್ ಘಟಕದ ಗೇಟಿಗೆ ಬಂದಿದ್ದ, ಕೆಲಸ ತುಂಬಿ ಮೂರು ವಾರ ಆಗಿತ್ತು. ಮಾಲೀಕರು ಅವನಿಗೆ ಊಟ ಹಾಕಿಸಿ, ನನ್ನ ನಂಬರ್ ಕೊಟ್ಟು ಕಳಿಸಿದರು. ಆ ಸಂಜೆಯೇ ಚೀಟಿಯ ಮೇಲ್ಭಾಗದಲ್ಲಿ ಕೊನೆಯ ದಿನಾಂಕವನ್ನು ದಪ್ಪ ಅಕ್ಷರದಲ್ಲಿ ಬರೆಯುವ ನಿಯಮ ಮಾಡಿದೆವು.